ಅಪ್ಪನಿಗೆ ಶನಿಯನ್ನು ತೋರಿಸಲು ಹೊರಟದ್ದು

ಒಂದೇ ಅಳತೆಯ ಎರಡು ಗಾಜಿನ ಬಿಲ್ಲೆಗಳನ್ನು ಒಂದರ ಮೇಲೊಂದು ಇಟ್ಟು, ನಡುವೆ ಒರಟು ಪುಡಿ ಮತ್ತು ನೀರು ಹಾಕಿ ಉಜ್ಜುತ್ತ ಹೋದರೆ ಮೇಲಿನ ಬಿಲ್ಲೆ ನಡುವಿನಲ್ಲಿ ಗುಳಿ ಬೀಳುತ್ತದೆ, ಕೆಳಗಿನದು ಉಬ್ಬುತ್ತದೆ. ಇದಕ್ಕೆ ಯಂತ್ರ ಬೇಕಿಲ್ಲ. ಗುಳಿ ಬಿದ್ದ ಗಾಜನ್ನು ನುಣುಪು ಮಾಡಿ, ಅದರ ಮೇಲೆ ಬೆಳ್ಳಿಯ ಲೇಪ ಕೊಟ್ಟರೆ ದೂರದರ್ಶಕದ ಕನ್ನಡಿ ಸಿದ್ಧ. ನನಗೆ ಸಿಕ್ಕಿದ ಪುಸ್ತಕ ಹೀಗೇ ಶುರುವಾಗುತ್ತಿತ್ತು. ಎಷ್ಟು ಹೊತ್ತು ಉಜ್ಜಬೇಕು ಎಂಬುದನ್ನು ಅದು ವಿವರವಾಗಿ ಹೇಳಿತ್ತು. ಉಜ್ಜುವ ಕಾರಣವೇ ನಡುವೆ ಕಳೆದುಹೋದರೆ ಏನು ಮಾಡಬೇಕು ಎಂಬುದನ್ನು ಹೇಳಿರಲಿಲ್ಲ.

ಅರವತ್ತರ ದಶಕದ ನಡುವಿನ ಮಾತು. ನಾನು ಅರಸೀಕೆರೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರಾಗಿದ್ದೆ. ಅಣ್ಣ ರೈಲ್ವೆಯಲ್ಲಿ ಗಾರ್ಡು. ಅವನ ಕ್ವಾರ್ಟರ್ಸಿನಲ್ಲಿ ಅಣ್ಣ, ಅತ್ತಿಗೆ ಮತ್ತು ನಾನು ಮೂವರೇ. ಅಪ್ಪ ಬೇಲೂರಿನಲ್ಲಿ, ಸೋದರತ್ತೆಯ ಜೊತೆ. ಬೆಳಿಗ್ಗೆ ಗುಡಿಯಲ್ಲಿ ಪಂಚಾಂಗ ಓದುವುದು ಅಪ್ಪನ ಸೇವೆ. ಆಮೇಲೆ ಜಗಲಿಯ ಮೇಲೆ ಕೂತು, ಕೇಳಿಬಂದ ಹಳ್ಳಿಯವರಿಗೆ ಮುಹೂರ್ತ, ಗ್ರಹಚಾರ ಹೇಳುತ್ತಿದ್ದರು. ಅಚ್ಚಾದ ಪಂಚಾಂಗವನ್ನು ಅವರು ಪೂರ್ತಿ ನಂಬುತ್ತಿರಲಿಲ್ಲ. ಗ್ರಹ ಎಲ್ಲಿದೆ ಎಂಬುದನ್ನು ತಾವೇ ಗುಣಿಸಿ, ಭಾಗಿಸಿ, ಸಂಜೆ ಜಗಲಿಯಿಂದ ಆಕಾಶ ನೋಡಿ ಸರಿಯಿದೆಯೇ ಎಂದು ತಾಳೆ ಹಾಕಿದ ಮೇಲೆಯೇ ಅವರಿಗೆ ಊಟ ಸೇರುತ್ತಿತ್ತು.

ಒಂದು ಭಾನುವಾರ ಬೇಲೂರಿಗೆ ಹೋದವಳು ಮರುದಿನದ ಪಾಠವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೆ. ಅಪ್ಪ ಜಗಲಿಯಿಂದಲೇ ಕೂಗಿದರು.

"ಯಾರಿಗೆ ಉಂಗುರ ಇದೆ ಅಂದೆ?"

"ಶನಿಗೆ ಅಪ್ಪ. ಸುತ್ತ ಬಳೆ ಹಾಕಿದ ಹಾಗೆ."

"ಯಾರು ನೋಡಿದಾರೆ?"

"ದೂರದರ್ಶಕ ಇದ್ದೋರೆಲ್ಲ ನೋಡಿದಾರೆ. ನೂರಾರು ವರ್ಷದಿಂದ."

ಅಪ್ಪ ಒಳಗೆ ಬಂದು ನನ್ನೆದುರು ಕೂತರು. "ಮೀಸೆ ಬಂದಾಗಿನಿಂದ ಅವನ ಲೆಕ್ಕ ಹಾಕ್ತಿದೀನಿ ಕಣೇ. ಯಾವ ಮನೇಲಿದಾನೆ, ಯಾವಾಗ ವಕ್ರಿ ಆಗ್ತಾನೆ, ಯಾರ ತಲೆ ಮೇಲೆ ಕೂರ್ತಾನೆ, ಎಲ್ಲಾ ಗೊತ್ತು. ಉಂಗುರ ಇದೆ ಅಂತ ಒಬ್ಬನೂ ಹೇಳಲಿಲ್ಲವಲ್ಲ!" ಆಮೇಲೆ ಅಂದರು, "ಒಂದು ಸಲ ನೋಡಬೇಕಲ್ಲ."

ಅದೇ ತಿಂಗಳು ಅವರನ್ನು ಹಾಸನಕ್ಕೆ ಕರೆದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಬದಿಯಲ್ಲಿ ಬಂದವರು ಕಾಣುವುದಿಲ್ಲ, ದೀಪದ ಸುತ್ತ ಬಣ್ಣದ ಪರಿವೇಷ ಕಾಣುತ್ತದೆ ಎಂದು ಹೇಳುತ್ತಿದ್ದರು. ಡಾಕ್ಟರು ಅಪ್ಪನನ್ನು ಹೊರಗೆ ಕೂರಿಸಿ ನನ್ನ ಬಳಿ ಮಾತಾಡಿದರು. ಕಣ್ಣೊಳಗೆ ಒತ್ತಡ ಹೆಚ್ಚಿ ನರ ಸಾಯುತ್ತಿದೆ. ಹೋದದ್ದು ಬರುವುದಿಲ್ಲ. ಇರುವುದು ಒಂದು ವರ್ಷ ಇರಬಹುದು, ಎರಡು ವರ್ಷ ಇರಬಹುದು. ಹನಿ ಹಾಕುತ್ತಿರಿ. ಅಷ್ಟೇ. ಬಸ್ಸಿನಲ್ಲಿ ವಾಪಸು ಬರುವಾಗ ಅಪ್ಪ ಕಿಟಕಿಯ ಪಕ್ಕ ಕೂತು ಮೈಲಿಗಲ್ಲುಗಳನ್ನು ಓದಿ ಹೇಳುತ್ತ ಬಂದರು. ಕೆಲವು ತಪ್ಪಿದವು. ನಾನು ತಿದ್ದಲಿಲ್ಲ.

ಕೆಲಸ ಶುರುವಾದದ್ದು ಹೀಗೆ. ದೂರದರ್ಶಕ ಎಲ್ಲೂ ಕೊಳ್ಳಲು ಸಿಗುತ್ತಿರಲಿಲ್ಲ. ಮೈಸೂರಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದ್ದ ಮೇಷ್ಟ್ರೊಬ್ಬರು ಕನ್ನಡಿ ಉಜ್ಜುವ ಪುಸ್ತಕ ಕೊಟ್ಟು, "ಅರ್ಧಕ್ಕೆ ಬಿಟ್ಟವರೇ ಜಾಸ್ತಿ, ನೋಡು" ಎಂದರು. ಗಾಜು ತಂದದ್ದು ಅಣ್ಣ. ಬೊಂಬಾಯಿಯ ಹಳೇ ಸಾಮಾನಿನ ಪೇಟೆಯಲ್ಲಿ ಒಡೆದ ಹಡಗುಗಳ ಕಿಟಕಿಗಾಜು ಮಾರುತ್ತಾರೆಂದು ಕೇಳಿ, ಯಾರೋ ಗೆಳೆಯನ ಮೂಲಕ ಆರಂಗುಲ ಅಗಲದ ಎರಡು ದಪ್ಪ ಬಿಲ್ಲೆಗಳನ್ನು ತರಿಸಿದ. ಹಿತ್ತಲ ವರಾಂಡದಲ್ಲಿ ಖಾಲಿ ಟಾರು ಡ್ರಮ್ಮಿಗೆ ಕಲ್ಲು, ಮರಳು ತುಂಬಿ ಅಲುಗಾಡದಂತೆ ನಿಲ್ಲಿಸಿದೆ. ಅದರ ಮೇಲೆ ಹಲಗೆ, ಹಲಗೆಯ ಮೇಲೆ ಕೆಳಗಿನ ಬಿಲ್ಲೆ. ಶಾಲೆಯಿಂದ ಬಂದು ಕಾಫಿ ಕುಡಿದು ಸೆರಗು ಸಿಕ್ಕಿಸಿ ನಿಲ್ಲುತ್ತಿದ್ದೆ.

ಕ್ರಮ ಸರಳವಾದದ್ದು. ಒಂದು ಚಿಟಿಕೆ ಕಾರ್ಬೊರಂಡಮ್ ಪುಡಿ, ನಾಲ್ಕು ಹನಿ ನೀರು. ಮೇಲಿನ ಬಿಲ್ಲೆಯನ್ನು ಎರಡೂ ಅಂಗೈಯಿಂದ ಒತ್ತಿ ಹಿಂದೆ, ಮುಂದೆ. ಕೆಲವು ಸಲ ಉಜ್ಜಿ ಬಿಲ್ಲೆಯನ್ನು ಸ್ವಲ್ಪ ತಿರುಗಿಸಬೇಕು. ತಾನು ಡ್ರಮ್ಮಿನ ಸುತ್ತ ಒಂದು ಹೆಜ್ಜೆ ಸರಿಯಬೇಕು. ಮತ್ತೆ ಉಜ್ಜಬೇಕು. ಹೀಗೆ ಎಲ್ಲ ದಿಕ್ಕಿನಿಂದಲೂ ಉಜ್ಜಿದರೆ ಮಾತ್ರ ಗುಳಿ ಗುಂಡಗೆ ಬರುತ್ತದೆ. ಪುಡಿ ಮೊದಲು ಕರಕರ ಎನ್ನುತ್ತದೆ, ಸವೆದಂತೆಲ್ಲ ಸದ್ದು ಸಣ್ಣಗಾಗುತ್ತದೆ. ಆಗ ತೊಳೆದು ಹೊಸ ಪುಡಿ.

ಪಕ್ಕದ ಕ್ವಾರ್ಟರ್ಸಿನಾಕೆ ಬೇಲಿಯ ಮೇಲಿಂದ ಇಣುಕಿ ಕೇಳಿದರು, "ಏನ್ರೀ ಮೇಡಂ, ದಿನಾ ಡ್ರಮ್ಮಿಗೆ ಪ್ರದಕ್ಷಿಣೆ ಹಾಕ್ತೀರಲ್ಲ, ಏನು ಹರಕೆ?"

"ಅಪ್ಪನಿಗೆ ಶನಿ ತೋರಿಸ್ಬೇಕು ಕಣ್ರೀ."

"ಅಯ್ಯೋ, ಬಿಡ್ತು ಅನ್ರೀ!" ಎಂದು ಅವರು ಒಳಗೆ ಹೋದರು.

ನನಗೆ ಬೇಕಿದ್ದ ಗುಳಿಯ ಆಳ ಒಂದು ತೆಳು ನಾಣ್ಯದ ದಪ್ಪದಷ್ಟು. ಅಷ್ಟಕ್ಕೇ ಬೇಸಿಗೆಯೆಲ್ಲ ಹಿಡಿಯಿತು. ಒದ್ದೆ ಗಾಜನ್ನು ಬಿಸಿಲಿಗೆ ಹಿಡಿದು ಗೋಡೆಯ ಮೇಲೆ ಸೂರ್ಯನ ಬಿಂಬ ಬೀಳಿಸಿ, ಅದು ಎಷ್ಟು ದೂರದಲ್ಲಿ ಅತಿ ಚಿಕ್ಕದಾಗುತ್ತದೆ ಎಂದು ಅಳೆಯುತ್ತಿದ್ದೆ. ಕೊನೆಗೊಂದು ದಿನ ನಾಲ್ಕಡಿ ದೂರದಲ್ಲಿ ಬಟಾಣಿ ಕಾಳಿಗಿಂತ ಸ್ವಲ್ಪ ದೊಡ್ಡ ಬೆಳಕು ಗೋಡೆಯ ಮೇಲೆ ಕೂತಿತು. ಆ ಇಡೀ ಕೆಲಸದಲ್ಲಿ ನಾನು ನಿಜವಾಗಿ ಸಂತೋಷಪಟ್ಟ ದಿನ ಅದೊಂದೇ ಎಂದು ಈಗ ಅನ್ನಿಸುತ್ತದೆ.

ಆಮೇಲಿನದು ಪುಡಿಯನ್ನು ಮೆಟ್ಟಲು ಮೆಟ್ಟಲಾಗಿ ನಯ ಮಾಡುತ್ತ ಹೋಗುವುದು. ಪ್ರತಿ ಮೆಟ್ಟಲಿನಲ್ಲೂ ಹಿಂದಿನ ಪುಡಿಯ ಒಂದು ಕಣವೂ ಉಳಿಯಬಾರದು. ಹಲಗೆ, ಬಕೆಟ್ಟು, ಉಗುರಿನ ಸಂದು, ಸೀರೆಯ ಅಂಚು ಎಲ್ಲವನ್ನೂ ತೊಳೆಯಬೇಕು. ಜಂಕ್ಷನ್ ಊರಿನಲ್ಲಿ ಇದು ಆಗುವ ಮಾತಲ್ಲ. ಇಂಜಿನ್ನಿನ ಕಲ್ಲಿದ್ದಲ ಪುಡಿ ಒಗೆದ ಬಟ್ಟೆಯ ಮೇಲೆ, ಸಾರಿನ ಪಾತ್ರೆಯ ಮುಚ್ಚಳದ ಮೇಲೆ ಕೂರುತ್ತಿತ್ತು. ನಾನು ಒದ್ದೆ ಸೀರೆಗಳನ್ನು ವರಾಂಡಕ್ಕೆ ಪರದೆಯ ಹಾಗೆ ಕಟ್ಟಿ ಉಜ್ಜುತ್ತಿದ್ದೆ. ಆದರೂ ಕೊನೆಯ ಪುಡಿಗೆ ಬಂದಾಗ ಒಂದು ಸಂಜೆ ಗಾಜಿನಡಿಯಿಂದ ಕಿರ್ರೆಂಬ ಸದ್ದು ಬಂತು. ಎತ್ತಿ ನೋಡಿದರೆ ನಡುವಿನಿಂದ ಅಂಚಿನವರೆಗೆ ಒಂದು ಗೀರು, ಬೆಕ್ಕು ಪರಚಿದ ಹಾಗೆ.

ಆ ಗೀರು ಹೋಗಬೇಕಾದರೆ ಮೂರು ಮೆಟ್ಟಲು ಹಿಂದೆ ಹೋಗಬೇಕು. ಹೋದೆ. ಮಳೆಗಾಲ ಅದರಲ್ಲೇ ಕಳೆಯಿತು.

ಮುಂದಿನದು ನುಣುಪು ಮಾಡುವ ಕೆಲಸ. ರಾಳವನ್ನು ಹರಳೆಣ್ಣೆಯ ಜೊತೆ ಕರಗಿಸಿ ಕೆಳಗಿನ ಬಿಲ್ಲೆಯ ಮೇಲೆ ಹೊಯ್ದು, ಅರೆಬಿಸಿ ಇರುವಾಗಲೇ ಮೇಲಿನ ಗಾಜನ್ನು ಒತ್ತಿ ಅದರ ಆಕಾರ ಹಿಡಿಸಬೇಕು. ಅಕ್ಕಸಾಲಿಗರು ಚಿನ್ನಕ್ಕೆ ಮೆರುಗು ಕೊಡುವ ಕೆಂಪು ಪುಡಿಯನ್ನು ನೀರಿನಲ್ಲಿ ಕದಡಿ ಅದರ ಮೇಲೆ ಉಜ್ಜಬೇಕು. ನನ್ನ ಬೆರಳುಗಳು ಕುಂಕುಮದ ಡಬ್ಬಿಯಲ್ಲಿ ಅದ್ದಿದ ಹಾಗೆ ಸದಾ ಕೆಂಪಾಗಿರುತ್ತಿದ್ದವು. ತರಗತಿಯಲ್ಲಿ ಹುಡುಗಿಯರು ನಗುತ್ತಿದ್ದರು. ರಾಳದ ಹದ ಚಳಿಯಲ್ಲಿ ಒಂದು ತರ, ಬಿಸಿಲಿನಲ್ಲಿ ಇನ್ನೊಂದು ತರ. ಜನವರಿಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಗಾಜನ್ನು ಪರಚಿತು. ಎಣ್ಣೆ ಹೆಚ್ಚಿಸಿದೆ. ಏಪ್ರಿಲ್ಲಿನಲ್ಲಿ ಬೆಲ್ಲದ ಪಾಕದ ಹಾಗೆ ಹರಿದು, ಗಾಜಿನ ಅಂಚನ್ನು ಹೆಚ್ಚಾಗಿ ಸವೆಸಿತು. ಕನ್ನಡಿಯ ಅಂಚು ಕೆಳಗೆ ಬಾಗಿದರೆ ಅದರಲ್ಲಿ ಕಾಣುವ ನಕ್ಷತ್ರಕ್ಕೆಲ್ಲ ಮಂಜು ಮುಸುಕುತ್ತದೆ.

ಅಂಚು ಬಾಗಿದೆ ಎಂದು ಗೊತ್ತಾಗುವುದು ಕತ್ತಲೆ ಕೋಣೆಯ ಪರೀಕ್ಷೆಯಿಂದ. ಉಗ್ರಾಣದ ಒಂದು ಕೊನೆಯಲ್ಲಿ ಕನ್ನಡಿಯನ್ನು ನಿಲ್ಲಿಸಿ, ಇನ್ನೊಂದು ಕೊನೆಯಲ್ಲಿ ಲಾಂದ್ರಕ್ಕೆ ತಗಡು ಸುತ್ತಿ ಸೂಜಿಯಲ್ಲಿ ತೂತು ಮಾಡಿ ಇಡುವುದು. ತೂತಿನ ಬೆಳಕು ಕನ್ನಡಿಗೆ ಹೋಗಿ ವಾಪಸು ಬಂದು ಒಂದು ಚುಕ್ಕಿಯಾಗುತ್ತದೆ. ಆ ಚುಕ್ಕಿಯನ್ನು ಕ್ಷೌರದ ಬ್ಲೇಡಿನ ಅಂಚಿನಿಂದ ಮೆಲ್ಲಗೆ ಕತ್ತರಿಸುತ್ತ ಹಿಂದಿನಿಂದ ಕಣ್ಣಿಟ್ಟು ನೋಡಿದರೆ, ಕನ್ನಡಿಯ ಮೇಲಿನ ಕಣ್ಣಿಗೆ ಕಾಣದ ಏರುತಗ್ಗು ಗುಡ್ಡ ಕಣಿವೆಗಳ ಹಾಗೆ ನೆರಳಾಗಿ ಕಾಣುತ್ತದೆ. ಆದರೆ ನಮ್ಮ ಕ್ವಾರ್ಟರ್ಸು ಯಾರ್ಡಿಗೆ ಅಂಟಿಕೊಂಡಿತ್ತು. ಒಂದು ಗೂಡ್ಸ್ ಗಾಡಿ ಶಂಟಿಂಗ್ ಶುರು ಮಾಡಿದರೆ ನೆರಳುಗಳೆಲ್ಲ ಕುದಿಯುವ ಹಾಲಿನಂತಾಗುತ್ತಿದ್ದವು. ಅಣ್ಣ ಡ್ಯೂಟಿ ಮುಗಿಸಿ ಬಂದು ಬಾಗಿಲ ಹೊರಗಿನಿಂದ ಹೇಳುತ್ತಿದ್ದ: "ಈಗ ನೋಡ್ಕೋ, ಬಾಣಾವರ ಬಿಟ್ಟಿಲ್ಲ ಗಾಡಿ. ಸ್ವಲ್ಪ ಹೊತ್ತು ಏನೂ ಇಲ್ಲ."

ಆ ವರ್ಷ ಬೇಲೂರಿಗೆ ಹೋಗುವುದು ಕಡಿಮೆಯಾಯಿತು. ರಜೆಯ ದಿನಗಳನ್ನೆಲ್ಲ ಗಾಜು ತಿನ್ನುತ್ತಿತ್ತು. ಹೋದಾಗಲೆಲ್ಲ ಅಪ್ಪ ಕೇಳುತ್ತಿದ್ದರು, "ಎಲ್ಲಿಗೆ ಬಂತು?" ನಾನು "ಇನ್ನೇನು ಅಪ್ಪ, ಬಂತು" ಎನ್ನುತ್ತಿದ್ದೆ. ಅವರು ಮನೆಯೊಳಗೆ ಸಲೀಸಾಗಿ ಓಡಾಡುತ್ತಿದ್ದರು. ಪಂಚಾಂಗವನ್ನೂ ಎಂದಿನಂತೆ ಓದುತ್ತಿದ್ದರು. ಹನಿ ಕೆಲಸ ಮಾಡುತ್ತಿದೆ ಎಂದುಕೊಂಡೆ.

ದೀಪಾವಳಿಗೆ ಹೋದಾಗ ಸಂಜೆ ಇಬ್ಬರೂ ಜಗಲಿಯ ಮೇಲೆ ಕೂತಿದ್ದೆವು. ಎದುರು ಮನೆಯವರು ಆ ಮಳೆಗಾಲ ಮುಗಿದ ಮೇಲೆ ಮಹಡಿ ಎಬ್ಬಿಸಿದ್ದರು. ಪಡುವಣ ದಿಕ್ಕಿನ ಆಕಾಶ ಪೂರ್ತಿ ಮುಚ್ಚಿ, ಗಾರೆ ಬಳಿಯದ ಇಟ್ಟಿಗೆ ಗೋಡೆ ನಿಂತಿತ್ತು. ಅಪ್ಪ ಕೈ ಎತ್ತಿ ಆ ಗೋಡೆಯನ್ನೇ ತೋರಿಸಿದರು.

"ಶುಕ್ರ ನೋಡೇ. ಈ ಸಲ ಎಷ್ಟು ಹೊಳೀತಿದಾನೆ!"

ನಾನು ಗೋಡೆಯನ್ನು ನೋಡಿದೆ, ಅವರ ಕೈಯನ್ನು ನೋಡಿದೆ. ಲೆಕ್ಕದ ಪ್ರಕಾರ ಶುಕ್ರ ಅಲ್ಲೇ ಇರಬೇಕಿತ್ತು. ಗೋಡೆ ಎದ್ದ ಸಂಗತಿ ಅವರ ಲೆಕ್ಕಕ್ಕೆ ಬಂದಿರಲಿಲ್ಲ.

"ಅಪ್ಪ, ಯಾವತ್ತಿಂದ?" ಎಂದೆ.

ಅವರಿಗೆ ಅರ್ಥವಾಯಿತು. ಕೈ ಇಳಿಸಿದರು. "ಯುಗಾದಿ ಹೊತ್ತಿಗೆ ಅಕ್ಷರ ಹೋಯ್ತು. ಮಳೆ ಶುರುವಾಗೋ ಹೊತ್ತಿಗೆ ಮುಖ ಹೋದ್ವು. ಈಗ ಬೆಳಕು, ಕತ್ತಲೆ ಗೊತ್ತಾಗುತ್ತೆ." ಬಾಯಿಪಾಠದ ಮೇಲೆ ಗುಡಿಯಲ್ಲಿ ಪಂಚಾಂಗ ನಡೆದಿತ್ತು. ಅಲ್ಲಿಯವರು ಗೊತ್ತಾದರೂ ಸುಮ್ಮನಿದ್ದರು.

"ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಉಜ್ಜೋದು ನಿಲ್ಲಿಸ್ತಿದ್ದೆ. ನಿಲ್ಲಿಸಿದ್ರೆ ನಿನಗೇನು ಉಳೀತಿತ್ತು?" ಆಮೇಲೆ ಅವರೇ ಅಂದರು, "ಈಗ ನಿಲ್ಲಿಸಿಬಿಡಮ್ಮ. ನನಗೋಸ್ಕರ ಆದ್ರೆ ಸಾಕು."

ಅರಸೀಕೆರೆಗೆ ಬಂದು ಕನ್ನಡಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದೆ. ಅಳಲಿಲ್ಲ. ಕೈಯ ಕೆಂಪು ಹೋಗಲು ಕೆಲವು ವಾರ ಹಿಡಿಯಿತು. ಸಂಜೆ ಬಂದು ಕಾಫಿ ಕುಡಿದು ಸುಮ್ಮನೆ ಕೂರುತ್ತಿದ್ದೆ. ರೈಲುಗಳು ಬರುತ್ತಿದ್ದವು, ಹೋಗುತ್ತಿದ್ದವು. ಅವು ನೆಲವನ್ನು ಎಷ್ಟು ನಡುಗಿಸುತ್ತವೆ ಎಂದು ಕಾಲಿಗೆ ತಿಳಿಯುತ್ತಿತ್ತು, ಹಾಗೆ ತಿಳಿಯುವುದಕ್ಕೆ ಇನ್ನು ಅರ್ಥವಿರಲಿಲ್ಲ. ಪುಸ್ತಕವನ್ನು ಮೈಸೂರಿಗೆ ವಾಪಸು ಕಳಿಸಬೇಕು ಎಂದುಕೊಂಡು ಅದನ್ನೂ ಮಾಡಲಿಲ್ಲ.

ಬೇಸಿಗೆ ಬಂತು, ನಲ್ಲಿಯಲ್ಲಿ ನೀರು ನಿಂತಿತು. ಅತ್ತಿಗೆ ಒಂದು ದಿನ ವರಾಂಡದಲ್ಲಿ ನಿಂತು ಕೇಳಿದಳು, "ಈ ಡ್ರಮ್ಮು ಖಾಲಿ ಮಾಡ್ತೀಯೇನೇ? ನೀರು ತುಂಬಿಸ್ಕೋಬೇಕು. ಹೇಗೂ ನೀನು ಬಿಟ್ಟೆಯಲ್ಲ."

ಅವಳದು ಕುಹಕವಲ್ಲ, ನಿಜವಾಗಿ ನೀರಿಗಾಗಿ ಕೇಳಿದ್ದು. ನಾನು ಸರಿ ಎಂದು ಹಲಗೆ ತೆಗೆದು ಮರಳು ಮೊಗೆಯತೊಡಗಿದೆ. ಅರ್ಧ ಡ್ರಮ್ಮು ಖಾಲಿಯಾಗಿರಬೇಕು, ಕೈ ನಿಂತಿತು. ಹೊಸ ಉತ್ಸಾಹವೇನೂ ಹುಟ್ಟಿರಲಿಲ್ಲ. ಮರಳು ಖಾಲಿಯಾದ ಮೇಲೆ ಸಂಜೆ ಆ ಹೊತ್ತಿಗೆ ನಾನು ಎಲ್ಲಿ ನಿಲ್ಲಬೇಕು ಎಂಬುದು ತೋಚಲಿಲ್ಲ, ಅಷ್ಟೇ. ಇಷ್ಟು ದಿನ ಕೂತಿದ್ದರಿಂದ ಅಪ್ಪನ ಕಣ್ಣು ಬರಲಿಲ್ಲ. ಉಜ್ಜಿದರೂ ಬರುವುದಿಲ್ಲ. ಎರಡರಲ್ಲೂ ಫಲ ಒಂದೇ ಆದರೆ, ಕೂರುವುದಕ್ಕಿಂತ ಉಜ್ಜುವುದು ನನಗೆ ಹೆಚ್ಚು ಗೊತ್ತಿದ್ದ ಕೆಲಸ.

"ಅತ್ತಿಗೆ, ಬೇರೆ ಡ್ರಮ್ಮು ತರಿಸಿಕೊಡ್ತೀನಿ. ಇದು ಇರಲಿ," ಎಂದೆ.

ಅವಳು ನನ್ನ ಮುಖ ನೋಡಿದಳು. "ಯಾರಿಗೆ ತೋರಿಸೋಕೆ ಈಗ?"

"ಯಾರಿಗೂ ಅಲ್ಲ."

"ಹಾಗಾದ್ರೆ ಹುಚ್ಚು," ಎಂದು ಅವಳೂ ಬಗ್ಗಿ ಮರಳು ವಾಪಸು ತುಂಬತೊಡಗಿದಳು.

ಅಂದಿನಿಂದ ಕೆಲಸದ ರೀತಿ ಬದಲಾಯಿಸಿದೆ. ಮೊದಲು ಪ್ರತಿದಿನ ಎಷ್ಟು ಮುಂದೆ ಬಂದೆ ಎಂದು ನೋಡುತ್ತಿದ್ದೆ. ಮುಂದೆ ಬರದ ದಿನ ಊಟ ರುಚಿಸುತ್ತಿರಲಿಲ್ಲ. ಈಗ ಸಂಜೆ ಒಂದು ನಿಗದಿಯಾದ ಹೊತ್ತು ಉಜ್ಜುವುದು, ಅದು ಮುಗಿದರೆ ಮಾತಿಲ್ಲದೆ ಕೈ ತೊಳೆಯುವುದು. ಪರೀಕ್ಷೆ ಭಾನುವಾರ ಮಾತ್ರ. ರಾಳ ಕೆಟ್ಟರೆ ಹೊಸದು ಹೊಯ್ಯುವುದು. ಬಿಸಿಲು ಹೆಚ್ಚಿದಾಗ ಒದ್ದೆ ಗೋಣಿಯಲ್ಲಿ ಸುತ್ತಿ ತಣಿಸುವುದು. ಇದರಿಂದ ಮನಸ್ಸಿಗೆ ಹಿತವಾಯಿತು ಎಂದರೆ ಸುಳ್ಳು. ಜೇನು ಕಟ್ಟದ ಗೂಡಿಗೆ ಹೋಗಿಬರುವ ನೊಣದ ಹಾಗೆ ಹೋಗಿಬರುತ್ತಿದ್ದೆ.

ಅಂಚಿನ ಬಾಗು ಮಾತ್ರ ಹೋಗಲಿಲ್ಲ. ಕತ್ತಲೆ ಕೋಣೆಯಲ್ಲಿ ಕನ್ನಡಿಯ ನಡುಭಾಗ ಈಗ ಬೂದು ಬಣ್ಣದ ಬಟ್ಟೆ ಹಾಸಿದ ಹಾಗೆ ಸಮವಾಗಿ ಕಾಣುತ್ತಿತ್ತು. ಅಂಚಿನಲ್ಲಿ ಮಾತ್ರ ಒಂದು ಬಿಳಿ ಗೆರೆ ಕಣ್ಣಿಗೆ ಹೊಡೆಯುತ್ತಿತ್ತು. ಅದನ್ನು ಸರಿಮಾಡಲು ಮತ್ತೆ ನಯಪುಡಿಗೆ ಹಿಂದಿರುಗಬೇಕು. ಪುಸ್ತಕವೂ ಹಾಗೇ ಹೇಳುತ್ತಿತ್ತು. ಎರಡು ಭಾನುವಾರ ಆ ಬಿಳಿ ಗೆರೆಯನ್ನು ನೋಡುತ್ತ ಕೂತೆ. ಮೂರನೆಯದಕ್ಕೆ ಶಾಲೆಯಿಂದ ಕಪ್ಪು ಡ್ರಾಯಿಂಗ್ ಕಾಗದ ತಂದು ಉಂಗುರದ ಹಾಗೆ ಕತ್ತರಿಸಿ, ಕೆಟ್ಟ ಅಂಚನ್ನೆಲ್ಲ ಮುಚ್ಚಿಬಿಟ್ಟೆ. ಆರಂಗುಲದ ಕನ್ನಡಿ ಐದಂಗುಲದ್ದಾಯಿತು. ಬರುವ ಬೆಳಕು ಕಡಿಮೆ, ಬಂದ ಬೆಳಕು ಶುದ್ಧ. ಚೆನ್ನಾಗಿ ಮಾಡಬೇಕೆಂಬ ಆಸೆಯನ್ನು ಅಲ್ಲಿಗೆ ಬಿಟ್ಟೆ. ಮುಗಿಸುವುದು ಆದದ್ದು ಅದರಿಂದಲೇ.

ಬೆಳ್ಳಿಯ ಲೇಪ ಮೊದಲ ಸಲ ಸಿಪ್ಪೆಯ ಹಾಗೆ ಎದ್ದುಬಂತು. ಅರಸೀಕೆರೆಯ ಬಾವಿಯ ನೀರಿನಲ್ಲಿ ಉಪ್ಪಿನ ಅಂಶ ಹೆಚ್ಚು. ಅಣ್ಣ ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರನ್ನು ತಂದುಕೊಟ್ಟ. ಬೆಳ್ಳಿಯ ಉಪ್ಪನ್ನು ಅದರಲ್ಲಿ ಕರಗಿಸಿ, ಅಮೋನಿಯಾ ಬಿಟ್ಟು, ಕೊನೆಗೆ ಸಕ್ಕರೆಯ ದ್ರಾವಣ ಸುರಿದೆ. ನೀರು ಕಂದಾಗಿ, ಕಪ್ಪಾಗಿ, ಗಲೀಜಿನ ಹಾಗೆ ಕಂಡಿತು. ಚೆಲ್ಲಿ ತೊಳೆದಾಗ ತಟ್ಟೆಯ ತಳದಲ್ಲಿದ್ದ ಗಾಜಿನಲ್ಲಿ ನನ್ನ ಮುಖ ಕಂಡಿತು. ಕನ್ನಡಿಯ ಮುಂದೆ ನಿಲ್ಲದೆ ಬಹಳ ದಿನವಾಗಿತ್ತು. ಕೂದಲು ನರೆತಿತ್ತು.

ಬಡಗಿಯಿಂದ ಉದ್ದನೆಯ ಮರದ ಪೆಟ್ಟಿಗೆ ಮಾಡಿಸಿ, ಕೆಳಗೆ ಕನ್ನಡಿ, ಮೇಲೆ ಬೆಳಕನ್ನು ಪಕ್ಕಕ್ಕೆ ತಿರುಗಿಸಲು ಹಳೇ ಬೈನಾಕ್ಯುಲರಿನ ಮುಮ್ಮೂಲೆ ಗಾಜು, ಕಣ್ಣಿಡಲು ಶಾಲೆಯ ಮುರಿದ ಮೈಕ್ರೋಸ್ಕೋಪಿನ ಮಸೂರ ಕೂರಿಸಿದೆ. ಮಳೆ ಹಿಂದೆ ಸರಿದ ಮೇಲೆ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಕಟ್ಟಿಸಿ, ಕನ್ನಡಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬೇಲೂರಿಗೆ ಹೊರಟೆ. ಹಳೇಬೀಡಿನಲ್ಲಿ ಬಸ್ಸು ನಿಂತಾಗ ಪಕ್ಕದಲ್ಲಿ ಕೂತ ಹೆಂಗಸು, "ಮಗೀನಾ ಅವ್ವ? ಇಷ್ಟು ಬಿಗಿ ಸುತ್ತಿದೀಯಲ್ಲ, ಉಸಿರು ಕಟ್ಟಾಕಿಲ್ವಾ?" ಎಂದಳು. ಗಾಜು ಎಂದು ತೋರಿಸಿದೆ. ಅವಳು ಪೆಚ್ಚಾಗಿ ಆಚೆ ತಿರುಗಿದಳು.

ಹಿತ್ತಲಿನಲ್ಲಿ ನಿಲ್ಲಿಸಿದೆ. ಸೂರ್ಯ ಮುಳುಗಿ ಸ್ವಲ್ಪ ಹೊತ್ತಾಗಿತ್ತು. ಅಪ್ಪ ಬಾವಿಕಟ್ಟೆಯ ಮೇಲೆ ಕೂತು ದಿಕ್ಕು ಹೇಳಿದರು. "ಪೂರ್ವಕ್ಕೂ ದಕ್ಷಿಣಕ್ಕೂ ಮಧ್ಯೆ, ಮೇಲೆ. ಮೀನದಲ್ಲಿದಾನೆ. ಮಿನುಗೋದಿಲ್ಲ, ಸ್ವಲ್ಪ ಹಳದಿ." ಅಲ್ಲೇ ಇದ್ದ. ಪೆಟ್ಟಿಗೆಯನ್ನು ಆ ಕಡೆಗೆ ತಿರುಗಿಸಿ ಕಣ್ಣಿಟ್ಟೆ.

ಒಂದು ಚಿಕ್ಕ ಹಳದಿ ಗುಂಡು. ಬರೀ ಗುಂಡು.

ಮಸೂರವನ್ನು ಮುಂದೆ ಹಿಂದೆ ಮಾಡಿದೆ. ಗುಂಡಿನ ಅಂಚು ಚೂಪಾಗಿ ಕಂಡಿತು. ಸುತ್ತ ಏನೂ ಇಲ್ಲ. ಕಣ್ಣೊರೆಸಿ ಮತ್ತೆ ನೋಡಿದೆ.

"ಹೇಗಿದೆ ಉಂಗುರ?" ಅಪ್ಪ ಕೇಳಿದರು.

ಇದೆ ಎಂದು ಹೇಳಬಹುದಿತ್ತು. ಅವರು ನಂಬುತ್ತಿದ್ದರು. ಪುಸ್ತಕದ ಚಿತ್ರ ನೆನಪಿತ್ತು, ವರ್ಣಿಸುವುದೂ ಕಷ್ಟವಿರಲಿಲ್ಲ.

"ಇಲ್ಲ ಅಪ್ಪ. ಉಂಗುರ ಕಾಣ್ತಿಲ್ಲ. ನನ್ನ ಕನ್ನಡಿ ಸರಿಯಾಗಿಲ್ಲ."

ಅವರು ತಡಕಿ ಬಂದು ಪೆಟ್ಟಿಗೆಯ ಮರವನ್ನು ಮೇಲಿನಿಂದ ಕೆಳಗಿನವರೆಗೆ ಸವರಿದರು. "ಇಷ್ಟು ದೊಡ್ಡದು ಮಾಡಿದೀಯಾ?" ಎಂದರು.

ರಜೆ ಹಾಕಿ ಮೈಸೂರಿಗೆ ಹೋದೆ. ಮೇಷ್ಟ್ರು ಕನ್ನಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಕನ್ನಡಿ ಚೆನ್ನಾಗಿದೆಯಲ್ಲಮ್ಮ," ಎಂದರು. ಆಮೇಲೆ ಕಪಾಟಿನಿಂದ ಒಂದು ಪುಸ್ತಕ ತೆಗೆದು ಹಾಳೆ ತಿರುಗಿಸಿ ನಗಲು ಶುರುಮಾಡಿದರು. "ಈ ವರ್ಷ ಉಂಗುರ ನಮಗೆ ಅಂಚು ತೋರಿಸ್ಕೊಂಡು ನಿಂತಿದೆ. ಕಾಗದದ ಹಾಳೆಯನ್ನ ಅಂಚಿನಿಂದ ನೋಡಿದ ಹಾಗೆ. ಏನೂ ಕಾಣೋಲ್ಲ. ಹದಿನೈದು ವರ್ಷಕ್ಕೊಮ್ಮೆ ಹೀಗಾಗುತ್ತೆ. ನೀನು ಸರಿಯಾಗಿ ಅದೇ ವರ್ಷ ಮುಗಿಸಿದೀಯ!"

ಅವರ ನಗುವಿನಲ್ಲಿ ಕೆಡುಕಿರಲಿಲ್ಲ. ನಾನು ಕನ್ನಡಿಯನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದೆ. ನಾನು ಡ್ರಮ್ಮಿನ ಸುತ್ತ ತಿರುಗುತ್ತಿದ್ದ ಅಷ್ಟೂ ಕಾಲ ಆ ಉಂಗುರ ವರ್ಷದಿಂದ ವರ್ಷಕ್ಕೆ ಸಣ್ಣಗಾಗುತ್ತ ಬಂದಿತ್ತು, ಅಪ್ಪನ ಕಣ್ಣಿನ ಜೊತೆಗೇ. ಕೆಲಸ ಶುರು ಮಾಡಿದ ವರ್ಷವೇ ಯಾರಾದರೂ ಒಂದು ದೂರದರ್ಶಕ ಕೊಟ್ಟಿದ್ದರೆ ಇಬ್ಬರೂ ನೋಡಬಹುದಿತ್ತು.

ಅಪ್ಪನಿಗೆ ಹೇಳಿದೆ. "ಹಾಗಾದ್ರೆ ಅದಕ್ಕೂ ಒಂದು ಲೆಕ್ಕ ಇದೆ ಅನ್ನು," ಎಂದರು.

ಮುಂದಿನ ವರ್ಷ ಮಳೆ ಹೋಗುವ ಹೊತ್ತಿಗೆ ಬೆಳ್ಳಿ ಕಪ್ಪಾಗಿತ್ತು. ಅದನ್ನು ಆಮ್ಲದಲ್ಲಿ ತೊಳೆದು ಹೊಸ ಲೇಪ ಕೊಟ್ಟೆ. ಆಸೆ ಇರಲಿಲ್ಲ. ಶನಿವಾರದ ಬಸ್ಸಿಗೆ ಹೊರಟೆ, ಅಷ್ಟೇ. ಅದೇ ಹಿತ್ತಲು, ಅದೇ ಬಾವಿಕಟ್ಟೆಯ ಮೇಲೆ ಅಪ್ಪ. ಕಣ್ಣಿಟ್ಟೆ.

ಇತ್ತು. ತೆಳ್ಳಗೆ, ಓರೆಯಾಗಿ, ಗುಂಡಿನ ಎರಡು ಬದಿಗೂ ಚಾಚಿಕೊಂಡು. ಗುಂಡಿಗೂ ಅದಕ್ಕೂ ನಡುವೆ ಕೂದಲಿನಷ್ಟು ಕಪ್ಪು.

"ಕಾಣ್ತಿದೆ ಅಪ್ಪ."

ಅವರು ಎದ್ದು ನಿಂತರು. "ಎಷ್ಟಿದಾನೆ?"

"ಎಳ್ಳಿನಷ್ಟು. ಎಳ್ಳು ಕಾಳಿಗೆ ಯಾರೋ ಬಳೆ ತೊಡಿಸಿದ ಹಾಗಿದೆ."

"ಎಳ್ಳಿನಷ್ಟು," ಎಂದು ಅವರು ತಮಗೇ ಹೇಳಿಕೊಂಡರು. "ಚೆನ್ನಾಗಿದಾನಾ?"

"ತುಂಬಾ ಚೆನ್ನಾಗಿದಾನೆ."

ಶನಿ ಮಸೂರದ ಆಚೆಗೆ ಜಾರಿಹೋಗುತ್ತಿದ್ದ. ನಾನು ಪೆಟ್ಟಿಗೆ ಸರಿಸುತ್ತ ಹಿಂಬಾಲಿಸುತ್ತಿದ್ದೆ. ಆಮೇಲೆ ಅಪ್ಪ ಸಣ್ಣ ದನಿಯಲ್ಲಿ ಕೇಳಿದರು, "ಇವನನ್ನ ಇಟ್ಕೊಂಡಾ ಕಣೇ ನಾನು ಇಷ್ಟು ವರ್ಷ ಜನಾನ ಹೆದರಿಸಿದ್ದು?"

ಅವರು ಅವತ್ತು ಊಟ ಮಾಡಲಿಲ್ಲ. ಸೋದರತ್ತೆ ನನ್ನನ್ನು ಬೈದರು.

ಮರುದಿನ ಬೆಳಿಗ್ಗೆ ಗೆಂಡೆಹಳ್ಳಿ ಕಡೆಯ ರೈತನೊಬ್ಬ ಜಗಲಿಗೆ ಬಂದ. ಅಪ್ಪನ ಬಳಿ ವರ್ಷಗಳಿಂದ ಬರುತ್ತಿದ್ದವನು. ಟವೆಲ್ಲನ್ನು ಕೈಗೆ ತೆಗೆದುಕೊಂಡು ಕೆಳಗೆ ಕೂತ.

"ಸ್ವಾಮೇರೆ, ನನ್ ಮಗಳ್ದು ಮೀನ ರಾಸಿ. ಸನಿ ತಲೆ ಮ್ಯಾಲೆ ಕುಂತವ್ನೆ ಅಂತಾರೆ. ನೋಡಾಕೆ ಬಂದ ಗಂಡಿನೋರೆಲ್ಲ ಹಂಗೇ ಎದ್ದು ಓಯ್ತಾವ್ರೆ. ಏನಾರ ಪರಿಹಾರ ಐತಾ?"

ಮೊದಲಾಗಿದ್ದರೆ ಅಪ್ಪ ಬೆರಳೆಣಿಸಿ, ಮುಖ ಗಂಟಿಕ್ಕಿ, ಎಳ್ಳೆಣ್ಣೆ ದೀಪ, ಕಪ್ಪು ವಸ್ತ್ರ, ಇಷ್ಟು ಶನಿವಾರ ಎಂದು ಹೇಳುತ್ತಿದ್ದರು. ಈಗ ಅವನ ಕಡೆಗೆ ಬಗ್ಗಿ, ಮಗುವಿಗೆ ಹೇಳುವ ಹಾಗೆ ಹೇಳಿದರು.

"ಏನೂ ಬೇಡ ಕಣಯ್ಯ. ಅವನು ಇಷ್ಟೇ ಇಷ್ಟಿದಾನೆ. ಸುತ್ತ ಒಂದು ಬಳೆ ಹಾಕ್ಕೊಂಡು ಅವನ ಪಾಡಿಗೆ ಅವನಿದಾನೆ. ಯಾರಿಗೂ ಏನೂ ಮಾಡಲ್ಲ. ಹೋಗಿ ಧೈರ್ಯವಾಗಿ ಮಗಳ ಮದುವೆ ಮಾಡು."

ರೈತ ಕಾದ. ಇನ್ನೇನೋ ಹೇಳುತ್ತಾರೆಂದು ಕಾದ. "ದೀಪನಾದ್ರೂ ಅಚ್ಲಾ?"

"ಬೇಡ."

"ಒಂದು ಸಾಂತಿ ಗೀಂತಿ?"

"ಬೇಡ ಅಂದ್ನಲ್ಲ."

ಅವನು ಮೆಲ್ಲಗೆ ಎದ್ದ. ಬಾಗಿಲಲ್ಲಿ ನಿಂತಿದ್ದ ನನ್ನ ಹತ್ತಿರ ಬಂದು, ದನಿ ತಗ್ಗಿಸಿದ್ದೇನೆ ಎಂದುಕೊಂಡು ಹೇಳಿದ, "ಪಾಪ, ಕಣ್ ಓದ್ಮ್ಯಾಕೆ ಸ್ವಾಮೇರಿಗೆ ಏನೂ ಕಾಣಾಕಿಲ್ಲ ಅನ್ನವ್ವ." ಬತ್ತೀನಿ ಎಂದು ಕೈಮುಗಿದು ಮೆಟ್ಟಿಲಿಳಿದ.

ಅಪ್ಪನ ಕಿವಿ ಚುರುಕಾಗಿತ್ತು. ಅವನ ಹೆಜ್ಜೆಯ ಸದ್ದು ಬೀದಿಯಲ್ಲಿ ದೂರವಾಗುವವರೆಗೆ ಕೇಳಿಸಿಕೊಂಡರು.

"ಎತ್ತ ಹೋದ?"

ಬೀದಿಯ ತುದಿಯಲ್ಲಿ ಇನ್ನೊಬ್ಬ ಜೋಯಿಸರ ಮನೆಯಿತ್ತು. ರೈತ ಅದರ ಮೆಟ್ಟಿಲು ಹತ್ತುತ್ತಿದ್ದ. ಹೇಳಿದೆ.

"ಸರಿ," ಎಂದರು ಅಪ್ಪ. "ಅವರು ಚೆನ್ನಾಗಿ ಹೆದರಿಸಿ ಕಳಿಸ್ತಾರೆ. ಇವನಿಗೆ ಸಮಾಧಾನ ಆಗುತ್ತೆ."